ಹಳೆಯ ಡೀಸೆಲ್ ಪಿಕಪ್: ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಬಲಪಡಿಸುವ ಕ್ರಮ

ಹಳೆಯ ಡೀಸೆಲ್ ಪಿಕಪ್ಪಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು ಜಾರತೊಡಗಿದಾಗ, ಅಂದರೆ ಎಂಜಿನ್ ಕೂಗಿದರೂ ಗಾಡಿಗೆ ಅಷ್ಟು ವೇಗ ಬಾರದಾಗ, ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಎರಡು ಸಲಹೆಗಳು ಸಿಗುತ್ತವೆ. ಗುಜರಿಯಿಂದ ಇನ್ನೊಂದು ಗೇರ್‌ಬಾಕ್ಸ್ ತಂದು ಕೂರಿಸಿ ಎನ್ನುವುದು ಒಂದು, ಇರುವುದನ್ನೇ ಬಿಚ್ಚಿ ಕ್ಲಚ್ ಪ್ಲೇಟುಗಳನ್ನು ಬದಲಿಸೋಣ ಎನ್ನುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಮಾಡಿದರೂ ಪ್ಲೇಟುಗಳು ಸುಟ್ಟುಹೋದದ್ದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಬಹುಪಾಲು ಗೇರ್‌ಬಾಕ್ಸುಗಳು ಕೆಡುವುದು ಆಯಿಲಿನ ಅತಿಯಾದ ಬಿಸಿಯಿಂದ ಮತ್ತು ಕ್ಲಚ್ಚುಗಳನ್ನು ಬಿಗಿಹಿಡಿಯಬೇಕಾದ ಒತ್ತಡ ಕುಸಿಯುವುದರಿಂದ. ಆದ್ದರಿಂದ ಬಲಪಡಿಸುವ ಕೆಲಸವೂ ಇದೇ ಸರದಿಯಲ್ಲಿ ನಡೆಯಬೇಕು: ಮೊದಲು ಅಳತೆ, ನಂತರ ತಂಪು, ನಂತರ ಆಯಿಲ್, ನಂತರ ಒತ್ತಡ, ಅಗತ್ಯ ಬಿದ್ದರೆ ಮಾತ್ರ ಕೊನೆಯಲ್ಲಿ ಟಾರ್ಕ್ ಕನ್ವರ್ಟರ್ ಮತ್ತು ಪ್ಲೇಟುಗಳು. ಈ ಸರದಿಯನ್ನು ತಲೆಕೆಳಗು ಮಾಡಿ ನಾನು ಒಮ್ಮೆ ದೊಡ್ಡ ಮೊತ್ತವನ್ನು ಕಳೆದುಕೊಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನಲ್ಲಿ ಒಂದು ಚಕ್ರ ಆಯಿಲನ್ನು ಎಸೆಯುತ್ತದೆ, ಎದುರಿನ ಚಕ್ರ ಆ ಆಯಿಲಿನ ಹೊಡೆತಕ್ಕೆ ತಿರುಗುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಪಾಲು ಆಯಿಲಿನಲ್ಲಿ ಬಿಸಿಯಾಗಿ ಉಳಿದುಬಿಡುತ್ತದೆ. ಹೇರು ತುಂಬಿದ ಪಿಕಪ್ ಘಾಟಿ ಹತ್ತುವಾಗ ಎಂಜಿನ್ 40 ಕಿಲೋವ್ಯಾಟ್ ಶಕ್ತಿ ಕೊಡುತ್ತಿದ್ದು, ಕನ್ವರ್ಟರ್ ಅದರಲ್ಲಿ ಶೇಕಡಾ 85ನ್ನು ಮಾತ್ರ ದಾಟಿಸುತ್ತಿದೆ ಎಂದುಕೊಂಡರೆ, 6 ಕಿಲೋವ್ಯಾಟ್ ಬಿಸಿ ಆಯಿಲಿಗೆ ಸೇರುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟಿನ ಮೂರು ಗೀಸರ್‌ಗಳನ್ನು ಒಟ್ಟಿಗೆ ಹಾಕಿ, ಅವು ಕಾಯಿಸುವುದು ಒಂಬತ್ತು ಹತ್ತು ಲೀಟರ್ ಆಯಿಲನ್ನು ಮಾತ್ರ ಎಂದು ಊಹಿಸಿಕೊಂಡರೆ ಸಮಸ್ಯೆಯ ಗಾತ್ರ ಗೊತ್ತಾಗುತ್ತದೆ. ವೇಗ ಸಿಕ್ಕಿ, ಆ ಎರಡು ಚಕ್ರಗಳನ್ನು ಒಂದಾಗಿ ಬಂಧಿಸುವ ಲಾಕ್‌ಅಪ್ ಕ್ಲಚ್ ಕಚ್ಚಿಕೊಂಡ ಮೇಲೆ ಈ ಜಾರಾಟ ನಿಲ್ಲುತ್ತದೆ. ಆದರೆ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಸಂದಣಿಯಲ್ಲಿ ಅಡಿ ಅಡಿಯಾಗಿ ಸಾಗುವ ಗಾಡಿಗೆ ಆ ವೇಗವೂ ಇಲ್ಲ, ರೇಡಿಯೇಟರಿಗೆ ಎದುರುಗಾಳಿಯೂ ಇಲ್ಲ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಹೆಚ್ಚಿನ ಟಾರ್ಕ್ ಕೊಡುವುದರಿಂದ ಅದರ ಹಿಂದೆ ಇರುವ ಗೇರ್‌ಬಾಕ್ಸಿನ ಪಾಡು ಇನ್ನಷ್ಟು ಕಷ್ಟದ್ದು.

ಕೆಲಸಕ್ಕೆ ಮುನ್ನ ಕಾಗದಪತ್ರದ ವಿಷಯವಾಗಿ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಇರುವ ಗೇರ್‌ಬಾಕ್ಸನ್ನೇ ಒಳಗಿನಿಂದ ಬಲಪಡಿಸುವುದು, ಕೂಲರ್ ಸೇರಿಸುವುದು ದುರಸ್ತಿಯ ವ್ಯಾಪ್ತಿಯಲ್ಲೇ ಉಳಿಯುವ ಕೆಲಸಗಳು. ಮ್ಯಾನ್ಯುಯಲ್ ಗಾಡಿಗೆ ಬೇರೊಂದು ಮಾದರಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುವ ಯೋಚನೆ ಇದ್ದರೆ ಮಾತ್ರ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು.

ಮೊದಲ ಹೆಜ್ಜೆ: ಅಳತೆ

ಒಂದು ನೋಟ್‌ಬುಕ್, ಒಂದು ಸ್ಕ್ಯಾನರ್, ಒಂದು ಬಿಳಿ ಹಾಳೆ ಇಷ್ಟಿದ್ದರೆ ಆರಂಭಿಸಬಹುದು. ಸ್ಕ್ಯಾನರ್ ಆಯಿಲಿನ ಉಷ್ಣಾಂಶವನ್ನು ತೋರಿಸುವಂತಿರಬೇಕು. ಗಾಡಿ ತೀರಾ ಹಳೆಯದಾಗಿದ್ದು ಆ ಸೌಲಭ್ಯ ಇಲ್ಲದಿದ್ದರೆ ಗೇರ್‌ಬಾಕ್ಸಿನ ಆಯಿಲ್ ಚೇಂಬರಿಗೆ ಸೆನ್ಸರ್ ಹಾಕಿಸಿ ಡ್ಯಾಶ್‌ಬೋರ್ಡಿನಲ್ಲಿ ಮೀಟರ್ ಕೂರಿಸಬೇಕು. ಕನ್ವರ್ಟರಿನಿಂದ ಹೊರಬರುವ ಪೈಪಿನಲ್ಲಿ ಸೆನ್ಸರ್ ಇಟ್ಟರೆ ಮುಳ್ಳು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಚೇಂಬರಿನಲ್ಲಿ ಇಟ್ಟರೆ ನೆಚ್ಚಿಕೊಳ್ಳಬಹುದಾದ ಸ್ಥಿರ ಅಂಕಿ ಸಿಗುತ್ತದೆ. 80ರಿಂದ 95 ಡಿಗ್ರಿ ಸೆಲ್ಸಿಯಸ್ ಆರೋಗ್ಯದ ಲಕ್ಷಣ. 120 ಡಿಗ್ರಿ ದಾಟಿದ ಮೇಲೆ ಆಯಿಲ್ ಒಡೆದು ವಾಲ್ವುಗಳ ಮೇಲೆ ಅರಗಿನಂತಹ ಪದರ ಕಟ್ಟತೊಡಗುತ್ತದೆ, ಇನ್ನೂ ಮೇಲೆ ಹೋದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಉಷ್ಣಾಂಶ ಸುಮಾರು 11 ಡಿಗ್ರಿ ಏರಿದಂತೆಲ್ಲ ಆಯಿಲಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕೆಲಸದವರು ಬಹುಕಾಲದಿಂದ ಬಳಸುತ್ತ ಬಂದಿರುವ ಲೆಕ್ಕ.

ಬೆಂಗಳೂರಿನಲ್ಲಿರುವವರಿಗೆ ಅಳತೆಗೆ ಅನುಕೂಲವಾದ ಏರು ನಂದಿಬೆಟ್ಟದ ರಸ್ತೆ. ಬೆಟ್ಟದ ಎತ್ತರ 1,478 ಮೀಟರ್, ನಗರದಿಂದ ಸುಮಾರು 60 ಕಿಲೋಮೀಟರ್ ದೂರ. ಜನಸಂದಣಿ ಇಲ್ಲದ ವಾರದ ದಿನದಲ್ಲಿ ಗೊತ್ತಾದ ಹೇರಿನೊಂದಿಗೆ ಹತ್ತಿ, ಬುಡದಲ್ಲಿ ಎಷ್ಟಿತ್ತು, ನಡುವೆ ಎಷ್ಟಾಯಿತು, ಗರಿಷ್ಠ ಎಷ್ಟು ತಲುಪಿತು ಎಂಬುದನ್ನು ಪಕ್ಕದಲ್ಲಿ ಕುಳಿತವರಿಂದ ಬರೆಸಿಕೊಳ್ಳಿ. ಹೊರಗಿನ ಹವೆಯ ಉಷ್ಣಾಂಶವನ್ನೂ ಬರೆದಿಡಿ. ಏಪ್ರಿಲ್ಲಿನ ಅಂಕಿಯನ್ನು ಡಿಸೆಂಬರಿನದರ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ.

ಇನ್ನು ಬಿಳಿ ಹಾಳೆಯ ಪರೀಕ್ಷೆ. ಬೆಚ್ಚಗಿನ ಆಯಿಲಿನ ಎರಡು ಹನಿಗಳನ್ನು ಹಾಳೆಯ ಮೇಲೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಒಳ್ಳೆಯ ಆಯಿಲ್ ಅಗಲವಾಗಿ ಹರಡಿಕೊಂಡು ತಿಳಿಯಾದ ಕಲೆಯಾಗುತ್ತದೆ. ನಡುವೆ ಕಪ್ಪು ಚುಕ್ಕೆಯೊಂದು ಕದಲದೆ ನಿಂತು ಸುತ್ತ ಕಂದು ಅಂಚು ಮೂಡಿದರೆ ಪ್ಲೇಟುಗಳಿಗೆ ಹಿಡಿತಕ್ಕಾಗಿ ಅಂಟಿಸಿದ ಲೈನಿಂಗ್ ಪುಡಿಯಾಗಿ ಆಯಿಲಿಗೆ ಇಳಿದಿದೆ ಎಂದು ತಿಳಿಯಬೇಕು. ಮೂಸಿ ನೋಡಿ, ತಳ ಹಿಡಿದ ಪಾತ್ರೆಯಂತೆ ಸೀದ ವಾಸನೆ ಇದ್ದರೆ ಅನುಮಾನವೇ ಬೇಡ. ಹನಿಯ ಬಣ್ಣ ರೋಸ್ ಮಿಲ್ಕಿನಂತಿದ್ದರೆ ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸಿ. ರೇಡಿಯೇಟರಿನ ಒಳಗಿರುವ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗಿದಾಗ ಬರುವ ಬಣ್ಣ ಅದು. ನೀರು ಸೇರಿದ ಆಯಿಲಿನಲ್ಲಿ ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಕಿತ್ತುಬರುತ್ತದೆ.

ಸಮತಟ್ಟಾದ ಜಾಗದಲ್ಲಿ, ಬ್ರೇಕ್ ಒತ್ತಿಹಿಡಿದು ನ್ಯೂಟ್ರಲ್‌ನಿಂದ ಡ್ರೈವ್‌ಗೂ ರಿವರ್ಸ್‌ಗೂ ಹಾಕಿ ಎಷ್ಟು ಹೊತ್ತಿಗೆ ಕಚ್ಚುತ್ತದೆ ಎಂದು ಗಮನಿಸಿ. ಎರಡು ಸೆಕೆಂಡು ಹಿಡಿದರೆ ಒತ್ತಡ ಕಡಿಮೆ ಇದೆ. ಖಾಲಿ ಹೆದ್ದಾರಿಯಲ್ಲಿ, ಹಿಂದೆ ಯಾವ ವಾಹನವೂ ಇಲ್ಲದಾಗ, 80 ಕಿಲೋಮೀಟರ್ ವೇಗವನ್ನು ಹಿಡಿದಿಟ್ಟು ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ಮನೆ ಸೋಕಿಸಿದರೆ ಎಂಜಿನ್ನಿನ ಸುತ್ತು ಚೂರು ಏರಬೇಕು. ಲಾಕ್‌ಅಪ್ ಬಿಟ್ಟುಕೊಂಡಿತು ಎಂಬುದಕ್ಕೆ ಅದು ಸಾಕ್ಷಿ. ಏರದಿದ್ದರೆ ಲಾಕ್‌ಅಪ್ ಮೊದಲೇ ಕಚ್ಚಿರಲಿಲ್ಲ ಎಂದರ್ಥ. ಬ್ರೇಕ್ ಹಿಡಿದು ಆಕ್ಸಲರೇಟರ್ ಪೆಡಲನ್ನು ಪೂರ್ತಿ ಒತ್ತಿ ನಿಂತಲ್ಲೇ ಎಂಜಿನ್ ಕೂಗಿಸುವ ಸ್ಟಾಲ್ ಪರೀಕ್ಷೆಯನ್ನು ಹಳೆಯ ಗೇರ್‌ಬಾಕ್ಸಿನಲ್ಲಿ ಮಾಡದಿರುವುದೇ ಒಳಿತು. ಐದು ಸೆಕೆಂಡು ಮೀರಿದರೆ ಪರೀಕ್ಷೆಯೇ ಗೇರ್‌ಬಾಕ್ಸನ್ನು ಕೆಡಿಸುತ್ತದೆ.

ಎರಡನೆಯ ಹೆಜ್ಜೆ: ತಂಪು

ಒಂದೇ ಒಂದು ಸುಧಾರಣೆಗೆ ಮಾತ್ರ ಹಣವಿದೆ ಎನ್ನುವವರು ಹೊರಗಿನ ಆಯಿಲ್ ಕೂಲರ್ ಹಾಕಿಸಿ ಅಲ್ಲಿಗೆ ನಿಲ್ಲಿಸಲಿ. ಅದಕ್ಕೆ ಮೊದಲು ರೇಡಿಯೇಟರನ್ನು ನೋಡಬೇಕು. ನಮ್ಮ ಊರಿನಲ್ಲಿ ಕೂಲೆಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಕುಡಿದು ಬೆಳೆದ ರೇಡಿಯೇಟರುಗಳೇ ಹೆಚ್ಚು. ಒಳಗೆ ಉಪ್ಪು ಕಟ್ಟಿ ತುಕ್ಕು ಹಿಡಿದಿರುತ್ತದೆ. ಹತ್ತು ವರ್ಷ ದಾಟಿದ್ದರೆ ಬದಲಿಸಿಬಿಡುವುದು ಲೇಸು, ಏಕೆಂದರೆ ಒಂದು ರೇಡಿಯೇಟರನ್ನು ಉಳಿಸಲು ಹೋಗಿ ಗೇರ್‌ಬಾಕ್ಸನ್ನೇ ರೋಸ್ ಮಿಲ್ಕಿಗೆ ಬಲಿಕೊಟ್ಟವರನ್ನು ಕಂಡಿದ್ದೇನೆ.

ಕೂಲರುಗಳಲ್ಲಿ ಬಳಸು ಪೈಪಿಗೆ ರೆಕ್ಕೆ ಹಚ್ಚಿದ ಬಗೆಗಿಂತ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಬಗೆ ಅದೇ ಗಾತ್ರದಲ್ಲಿ ಹೆಚ್ಚು ತಂಪು ಮಾಡುತ್ತದೆ. ಗೇರ್‌ಬಾಕ್ಸಿನಿಂದ ಹೊರಟ ಆಯಿಲ್ ಮೊದಲು ರೇಡಿಯೇಟರಿನೊಳಗಿನ ಕೂಲರಿಗೆ, ಅಲ್ಲಿಂದ ಹೊಸ ಕೂಲರಿಗೆ, ಅಲ್ಲಿಂದ ಮರಳಿ ಗೇರ್‌ಬಾಕ್ಸಿಗೆ ಹೋಗುವಂತೆ ಜೋಡಿಸಬೇಕು. ಹೀಗೆ ಮಾಡಿದರೆ ಚಳಿಗಾಲದ ಬೆಳಿಗ್ಗೆ ರೇಡಿಯೇಟರಿನ ಬಿಸಿನೀರೇ ಆಯಿಲನ್ನು ಬೇಗ ಬೆಚ್ಚಗೆ ಮಾಡುತ್ತದೆ. ಆಯಿಲ್ ಬೆಚ್ಚಗಾಗುವವರೆಗೆ ಹಲವು ಗಾಡಿಗಳ ಕಂಪ್ಯೂಟರ್ ಲಾಕ್‌ಅಪ್ಪಿಗೆ ಅನುಮತಿ ಕೊಡುವುದಿಲ್ಲ. ಯಾವ ಪೈಪು ಹೋಗುವುದು, ಯಾವುದು ಬರುವುದು ಎಂದು ಊಹಿಸಬೇಡಿ. ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿದಾಗ ಮೊದಲು ಬಿಸಿಯಾಗುವ ಪೈಪು ಗೇರ್‌ಬಾಕ್ಸಿನಿಂದ ಹೊರಬರುವುದು.

ಕೂಲರನ್ನು ಎಸಿ ಕಂಡೆನ್ಸರಿನ ಮುಂದೆ ನಾಲ್ಕೂ ಮೂಲೆಗೆ ಪಟ್ಟಿ ಕೊಟ್ಟು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸಬೇಕು. ಕಂಡೆನ್ಸರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವ ಅಭ್ಯಾಸ ತೀರಾ ಕೆಟ್ಟದ್ದು. ನಮ್ಮ ರಸ್ತೆಗಳ ಕುಲುಕಿಗೆ ಅದು ಉಜ್ಜಿ ಉಜ್ಜಿ ಕೆಲವೇ ತಿಂಗಳಲ್ಲಿ ತೂತು ಮಾಡುತ್ತದೆ. ಹೋಸ್ ಪೈಪು ಬಿಸಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ತಾಳುವಂಥದ್ದೇ ಆಗಿರಬೇಕು. ಹೀಟರಿನ ನೀರಿನ ಹೋಸು ಆಯಿಲಿನಲ್ಲಿ ಊದಿಕೊಂಡು ಕ್ಲಿಪ್ಪಿನಿಂದ ಜಾರಿಬಿಡುತ್ತದೆ, ಆಗ ನಡುರಸ್ತೆಯಲ್ಲಿ ಅರ್ಧ ನಿಮಿಷದೊಳಗೆ ಗೇರ್‌ಬಾಕ್ಸ್ ಬರಿದಾಗುತ್ತದೆ. ಪೀಣ್ಯದಲ್ಲಿ ಹೈಡ್ರಾಲಿಕ್ ಹೋಸುಗಳಿಗೆ ತುದಿ ಒತ್ತಿ ಕೊಡುವ ಅಂಗಡಿಗಳಿವೆ. ಅಳತೆ ಕೊಟ್ಟು ಮಾಡಿಸಿಕೊಂಡರೆ ಕ್ಲಿಪ್ಪಿನ ಚಿಂತೆಯೇ ಇರುವುದಿಲ್ಲ. ಗೇರ್‌ಬಾಕ್ಸ್ ಒಮ್ಮೆ ಸುಟ್ಟುಹೋಗಿ ದುರಸ್ತಿಯಾಗಿದ್ದರೆ ಹಳೆಯ ಕೂಲರನ್ನು ತೊಳೆದು ಬಳಸಬೇಡಿ, ಅದರ ಸಂದುಗಳಲ್ಲಿ ಸಿಕ್ಕಿಕೊಂಡ ಪುಡಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಮೂರನೆಯ ಹೆಜ್ಜೆ: ಆಯಿಲ್

ಯಾವ ಎಟಿಎಫ್ ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ, ಅದೇ ಅಂತಿಮ. ಎಲ್ಲಕ್ಕೂ ಡೆಕ್ಸ್‌ರಾನ್-3 ಎಂಬ ಹಳೆಯ ಬಗೆಯ ಎಟಿಎಫ್ ನಡೆಯುತ್ತದೆ ಎಂಬ ಮಾತು ಜೆ.ಸಿ. ರಸ್ತೆಯ ಕೌಂಟರುಗಳಲ್ಲಿ ಈಗಲೂ ಕೇಳಿಬರುತ್ತದೆ. ಜನರಲ್ ಮೋಟಾರ್ಸ್ 2005ರಲ್ಲಿ ಡೆಕ್ಸ್‌ರಾನ್-6 ತಂದ ಮೇಲೆ ಡೆಕ್ಸ್‌ರಾನ್-3ಕ್ಕೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು ಎಂಬುದನ್ನು ನೆನಪಿಡಿ. ಸಿವಿಟಿ ಎಂಬ ಬೆಲ್ಟಿನಿಂದ ನಡೆಯುವ ಬೇರೆ ಬಗೆಯ ಗೇರ್‌ಬಾಕ್ಸಿನ ಆಯಿಲನ್ನು ಎಂದಿಗೂ ಹಾಕಬಾರದು.

ಚೇಂಬರಿನ ನಟ್ಟು ಬಿಚ್ಚಿದರೆ ಆಯಿಲಿನ ಒಂದು ಪಾಲು ಮಾತ್ರ ಇಳಿಯುತ್ತದೆ, ಉಳಿದದ್ದು ಕನ್ವರ್ಟರಿನಲ್ಲೂ ಪೈಪುಗಳಲ್ಲೂ ನಿಂತಿರುತ್ತದೆ. ಒಟ್ಟು 9 ಲೀಟರಿನಲ್ಲಿ 3.5 ಲೀಟರ್ ಇಳಿಯುತ್ತದೆ ಎನ್ನಿ. ಒಮ್ಮೆ ಬದಲಿಸಿದರೆ ಹೊಸ ಆಯಿಲಿನ ಪಾಲು ಶೇಕಡಾ 39, ಎರಡು ಸಲ ಬದಲಿಸಿದರೆ 63, ಮೂರು ಸಲಕ್ಕೆ 77. ಆದ್ದರಿಂದ 500 ಕಿಲೋಮೀಟರ್ ಅಂತರದಲ್ಲಿ ಮೂರು ಸಲ ಬದಲಿಸುವುದು ನಾನು ಅನುಸರಿಸುವ ಪದ್ಧತಿ. ಲಕ್ಷಾಂತರ ಕಿಲೋಮೀಟರ್ ಹೊಸ ಆಯಿಲನ್ನೇ ಕಾಣದ ಗೇರ್‌ಬಾಕ್ಸಿಗೆ ಯಂತ್ರದಿಂದ ಒತ್ತಡ ಕೊಟ್ಟು ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಮೂಲೆಯಲ್ಲಿ ಕುಳಿತಿದ್ದ ಕೆಸರು ಕದಲಿ ವಾಲ್ವುಗಳ ಸಂದಿಗೆ ಹೋಗುತ್ತದೆ. ಈಗಾಗಲೇ ಜಾರುತ್ತಿರುವ ಗೇರ್‌ಬಾಕ್ಸನ್ನು ಆಯಿಲ್ ಬದಲಾವಣೆ ಉಳಿಸುವುದೂ ಇಲ್ಲ.

ಮೊದಲ ಸಲ ಬದಲಿಸುವಾಗ ಚೇಂಬರನ್ನು ಬಿಚ್ಚಿ ಫಿಲ್ಟರ್ ಮತ್ತು ಪ್ಯಾಕಿಂಗ್ ಹೊಸದು ಹಾಕಿ. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ನುಸುಳಬೇಡಿ, ನಾಲ್ಕು ಗಟ್ಟಿ ಸ್ಟ್ಯಾಂಡುಗಳು ಬೇಕೇ ಬೇಕು. ಚೇಂಬರಿನ ತಳದ ಅಯಸ್ಕಾಂತವನ್ನು ಬೆರಳಿನಿಂದ ಉಜ್ಜಿ ನೋಡಿ: ವಿಭೂತಿಯಂತೆ ನುಣುಪಾದ ಬೂದು ಲೇಪ ಸಹಜ ಸವೆತ, ಆದರೆ ಚುಚ್ಚುವ ಲೋಹದ ಚೂರು ಸಿಕ್ಕರೆ ಬೇರಿಂಗ್ ಅಥವಾ ಗೇರಿನ ಹಲ್ಲು ಹೋಗಿದೆ ಎಂದರ್ಥ, ಆಗ ಮುಂದಿನ ಹೆಜ್ಜೆಗಳನ್ನು ಬಿಟ್ಟು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ಆಯಿಲಿನ ಮಟ್ಟವನ್ನು ಕೈಪಿಡಿ ಹೇಳಿದ ಉಷ್ಣಾಂಶದಲ್ಲೇ, ಅದು ಹೇಳಿದ ಸ್ಥಿತಿಯಲ್ಲೇ ನೋಡಬೇಕು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸುಗಳಲ್ಲಿ ಎಂಜಿನ್ ಓಡುತ್ತಿರುವಾಗ ಮಟ್ಟದ ಬೋಲ್ಟನ್ನು ಬಿಚ್ಚಿ ಆಯಿಲ್ ಸಣ್ಣ ಧಾರೆಯಿಂದ ಹನಿಗೆ ಇಳಿಯುವ ಹೊತ್ತಿಗೆ ಮುಚ್ಚಬೇಕಾಗುತ್ತದೆ. ಮಿತಿಗಿಂತ ಬಿಸಿ ಇದ್ದಾಗ ಬಿಚ್ಚಿದರೆ ಹಿಗ್ಗಿದ ಆಯಿಲ್ ಹೆಚ್ಚಾಗಿ ಹರಿದುಹೋಗಿ ಒಳಗೆ ಕಡಿಮೆ ಉಳಿಯುತ್ತದೆ. ಹಳೆಯ ಆಯಿಲನ್ನು ಮೋರಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಸಿ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕಳಿಸುವ ಗ್ಯಾರೇಜಿಗೇ ಕೊಡಿ.

ನಾಲ್ಕನೆಯ ಹೆಜ್ಜೆ: ಒತ್ತಡ

ಬಹಳಷ್ಟು ಗಾಡಿಗಳಿಗೆ ಮೇಲಿನ ಮೂರು ಹೆಜ್ಜೆಗಳೇ ಸಾಕಾಗುತ್ತವೆ. ಗೇರು ತಡವಾಗಿ ಕಚ್ಚುವುದು, ಎರಡನೆಯಿಂದ ಮೂರನೆಯದಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಕೂಗಿ ತಣ್ಣಗಾಗುವುದು ಮುಂದುವರಿದರೆ, ಆಯಿಲಿನ ಒತ್ತಡವನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯ ಕಡೆ ತಿರುಗಬೇಕು. ಗೇರ್‌ಬಾಕ್ಸಿನ ಮೈಮೇಲೆ ಇರುವ ಪರೀಕ್ಷಾ ರಂಧ್ರಕ್ಕೆ ಪ್ರೆಶರ್ ಗೇಜ್ ಹಾಕಿ ಬಂದ ಅಂಕಿಯನ್ನು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಥ್ರಾಟಲ್ ಕೇಬಲ್ ಇರುವ ಹಳೆಯ ಗೇರ್‌ಬಾಕ್ಸುಗಳಲ್ಲಿ ಮೊದಲು ಆ ಕೇಬಲಿನ ಹೊಂದಾಣಿಕೆಯನ್ನೇ ನೋಡಬೇಕು. ಅದು ಸಡಿಲವಾಗಿದ್ದರೆ ಪೆಡಲ್ ಎಷ್ಟು ಒತ್ತಿದರೂ ಒತ್ತಡ ಏರದೆ ಪ್ಲೇಟುಗಳು ಜಾರಿ ಸುಡುತ್ತವೆ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು ಇಡೀ ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ.

ವಾಲ್ವ್ ಬಾಡಿ ಎಂದರೆ ಅಲ್ಯೂಮಿನಿಯಮ್ಮಿನಲ್ಲಿ ಕೊರೆದ ಕಾಲುವೆಗಳ ಒಂದು ಚಕ್ರವ್ಯೂಹ. ವಾಲ್ವುಗಳು ವರ್ಷಗಟ್ಟಲೆ ಹಿಂದೆ ಮುಂದೆ ಓಡಾಡಿ ತಮ್ಮ ಬೋರುಗಳನ್ನು ಸವೆಸುತ್ತವೆ, ಒತ್ತಡ ಅಲ್ಲಿ ಸೋರಿಹೋಗುತ್ತದೆ. ಬೋರನ್ನು ರೀಮರ್ ಹಾಕಿ ಹಿಗ್ಗಿಸಿ ದಪ್ಪ ವಾಲ್ವು ಕೂರಿಸುವುದು, ಒತ್ತಡ ನಿಯಂತ್ರಿಸುವ ಸ್ಪ್ರಿಂಗನ್ನು ಸ್ವಲ್ಪ ಬಿಗಿಯಾದದ್ದಕ್ಕೆ ಬದಲಿಸುವುದು, ವಿದ್ಯುತ್ತಿನಿಂದ ಆಯಿಲಿನ ಹರಿವನ್ನು ನಿಯಂತ್ರಿಸುವ ಸೊಲೆನಾಯ್ಡುಗಳ ರೋಧವನ್ನು ಮಲ್ಟಿಮೀಟರಿನಿಂದ ಅಳೆದು ಕೆಟ್ಟದ್ದನ್ನು ಬದಲಿಸುವುದು ಇಲ್ಲಿನ ಕೆಲಸ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ, ಒಳಗಿನ ಸಣ್ಣ ಉಕ್ಕಿನ ಗುಂಡುಗಳನ್ನು ಎಣಿಸಿ. ಒಂದು ಗುಂಡು ಬೇರೆ ಗುಳಿಗೆ ಹೋದರೂ ಒಂದು ಗೇರು ಮಾಯವಾಗುತ್ತದೆ. ಒರೆಸಲು ಬನಿಯನ್ ವೇಸ್ಟ್ ಬಳಸಲೇಬಾರದು, ಅದರ ಒಂದು ಎಳೆ ಸಾಕು ವಾಲ್ವು ಸಿಕ್ಕಿಕೊಳ್ಳಲು. ಒತ್ತಡವನ್ನು ಅತಿಯಾಗಿ ಏರಿಸಿ ಪ್ರತಿ ಗೇರಿಗೂ ಬೆನ್ನಿಗೆ ಗುದ್ದಿದಂತೆ ಮಾಡಿಸುವುದು ಬಲದ ಲಕ್ಷಣವಲ್ಲ. ಆ ಪೆಟ್ಟನ್ನು, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳು ತಿನ್ನುತ್ತವೆ.

ಐದನೆಯ ಹೆಜ್ಜೆ: ಕನ್ವರ್ಟರ್ ಮತ್ತು ಪ್ಲೇಟುಗಳು

ಅಮೆರಿಕದ ಪಿಕಪ್ಪುಗಳ ವಿಡಿಯೊಗಳಲ್ಲಿ ಕಾಣುವ ದೊಡ್ಡ ಸುಧಾರಣೆಗಳೆಲ್ಲ ಈ ಹೆಜ್ಜೆಗೆ ಸೇರಿದವು. 5.9 ಲೀಟರಿನ ಕಮಿನ್ಸ್ ಎಂಜಿನ್ ಇದ್ದ ಡಾಜ್ ರಾಮ್ ಪಿಕಪ್ಪುಗಳ 47ಆರ್‌ಇ ಎಂಬ ನಾಲ್ಕು ಗೇರಿನ ಪೆಟ್ಟಿಗೆಗೆ ಅಲ್ಲಿನವರು ಒಂದೇ ಲಾಕ್‌ಅಪ್ ಪ್ಲೇಟಿನ ಕನ್ವರ್ಟರ್ ತೆಗೆದು ಮೂರು ಪ್ಲೇಟಿನದನ್ನು ಹಾಕುತ್ತಾರೆ, ಏಕೆಂದರೆ ಎಂಜಿನ್ನಿನ ಟಾರ್ಕ್ ಹೆಚ್ಚಿಸಿದಾಗ ಮೊದಲು ಜಾರುವುದು ಅದೇ. ಇಸುಜು ವಿ-ಕ್ರಾಸ್‌ನಂತಹ ಗಾಡಿಯ 1.9 ಲೀಟರ್ ಎಂಜಿನ್ನಿನ ಟಾರ್ಕು 350 ನ್ಯೂಟನ್ ಮೀಟರಿನ ಆಸುಪಾಸಿನದು. ಅಂಥದಕ್ಕೆ ಹೊಸ ಲೈನಿಂಗ್ ಹಾಕಿ, ಮರುಬೆಸುಗೆ ಮಾಡಿ, ಬ್ಯಾಲೆನ್ಸ್ ಮತ್ತು ಸೋರಿಕೆ ಪರೀಕ್ಷೆ ಮುಗಿಸಿದ ಮೂಲ ಅಳತೆಯ ಕನ್ವರ್ಟರ್ ಸಾಕು. ತೆಳ್ಳಗಿನ ಉಕ್ಕಿನ ಪ್ಲೇಟುಗಳನ್ನು ಹಾಕಿ, ಉಳಿದ ಜಾಗದಲ್ಲಿ ಇನ್ನೊಂದು ಲೈನಿಂಗ್ ಪ್ಲೇಟ್ ತುರುಕುವ ಸಲಹೆಯನ್ನು ಹೇರು ಎಳೆಯುವ ಗಾಡಿಗೆ ನಾನು ಕೊಡುವುದಿಲ್ಲ. ಬಿಸಿಯನ್ನು ಹೀರಿಕೊಳ್ಳುವುದು ಆ ಉಕ್ಕಿನ ದಪ್ಪವೇ. ಹೊಸ ಪ್ಲೇಟುಗಳು ಜೋಡಣೆಗೆ ಮುನ್ನ ಕನಿಷ್ಠ ಅರ್ಧ ಗಂಟೆ ಎಟಿಎಫ್‌ನಲ್ಲಿ ನೆನೆದಿರಲಿ.

ನಾನು ಹಣ ಕಳೆದುಕೊಂಡದ್ದು ಇದೇ ಹಂತದಲ್ಲಿ. ಉಪ್ಪಿನಂಗಡಿಯಿಂದ ಅಡಿಕೆ ಸಸಿ ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ ಗುಂಡ್ಯ ದಾಟಿದ ಮೇಲೆ ಗಾಡಿ ಜಾರಿ ನಿಂತಿತು. ಅಳತೆ, ಕೂಲರ್ ಏನನ್ನೂ ಯೋಚಿಸದೆ ನೇರವಾಗಿ ಗೇರ್‌ಬಾಕ್ಸ್ ಬಿಚ್ಚಿಸಿದೆ. ಮರಳಿ ಕೂರಿಸುವಾಗ ಗ್ಯಾರೇಜಿನವರು ಕನ್ವರ್ಟರ್ ಪೂರ್ತಿ ಒಳಗೆ ಕೂರುವ ಮೊದಲೇ ಬೋಲ್ಟುಗಳನ್ನು ಬಿಗಿದರು, ಚಾಲೂ ಮಾಡಿದ ಕೂಡಲೇ ಪಂಪು ಒಡೆಯಿತು. ಆ ದಿನ ಕಲಿತದ್ದನ್ನು ವಿವರವಾಗಿಯೇ ಬರೆಯುತ್ತೇನೆ. ಕನ್ವರ್ಟರನ್ನು ಗೇರ್‌ಬಾಕ್ಸಿಗೆ ತೂರಿಸುವಾಗ ಅದನ್ನು ಮೆಲ್ಲಗೆ ತಿರುಗಿಸುತ್ತ ಒಳಗೆ ಒತ್ತಬೇಕು. ಒಂದು ಶಾಫ್ಟಿನ ಹಲ್ಲಿಗೆ ಕೂತಾಗ ಒಮ್ಮೆ, ಎರಡನೆಯದಕ್ಕೆ ಕೂತಾಗ ಇನ್ನೊಮ್ಮೆ, ಪಂಪಿನ ಹಲ್ಲಿಗೆ ಕಚ್ಚಿದಾಗ ಮೂರನೆಯ ಸಲ, ಹೀಗೆ ಮೂರು ಸಲ ಟಕ್ಕೆಂದು ಒಳಗೆ ಇಳಿಯುವುದು ಅಂಗೈಗೆ ಗೊತ್ತಾಗುತ್ತದೆ. ಆಮೇಲೆ ಗೇರ್‌ಬಾಕ್ಸಿನ ಅಂಚಿಗೆ ಪಟ್ಟಿ ಅಡ್ಡ ಇಟ್ಟು ಕನ್ವರ್ಟರ್ ಎಷ್ಟು ಆಳದಲ್ಲಿದೆ ಎಂದು ಅಳೆದು ಕೈಪಿಡಿಗೆ ಹೋಲಿಸಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಮುಖಕ್ಕೆ ಮುಖ ತಾಗಿಸಿದ ಮೇಲೂ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಕೆಲವು ಮಿಲಿಮೀಟರ್ ಮುಂದಕ್ಕೆ ಎಳೆದರೆ ಬರಬೇಕು. ಬೋಲ್ಟಿನಿಂದಲೇ ಎಳೆದು ಕೂರಿಸಬೇಕಾದ ಸ್ಥಿತಿ ಬಂದರೆ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ. ನಿಮ್ಮ ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿದ್ದರೂ, ಅಣ್ಣಾ, ಬಿಗಿಯುವ ಮೊದಲು ಒಮ್ಮೆ ತಿರುಗಿಸಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಕೂರಿಸಿದ ಮೇಲೆ

ಹೊಸ ಒತ್ತಡಕ್ಕೂ ಹೊಸ ಪ್ಲೇಟಿಗೂ ಕಂಪ್ಯೂಟರಿನ ಹಳೆಯ ನೆನಪು ಹೊಂದುವುದಿಲ್ಲ. ಸ್ಕ್ಯಾನರಿನಿಂದ ಅದನ್ನು ಅಳಿಸಿ, ಕೈಪಿಡಿಯಲ್ಲಿರುವ ಕ್ರಮದಂತೆ ಮತ್ತೆ ಕಲಿಸಬೇಕು. ಮೊದಲ 500 ಕಿಲೋಮೀಟರ್ ಹೇರು ಬೇಡ, ಪೆಡಲನ್ನು ಪೂರ್ತಿ ಒತ್ತುವುದೂ ಬೇಡ. ಆಮೇಲೆ ಆಯಿಲಿನ ಮಟ್ಟವನ್ನೂ ಹೋಸಿನ ತುದಿಗಳನ್ನೂ ಮತ್ತೆ ನೋಡಿ. ಯಾವಾಗಲಾದರೂ ಗಾಡಿ ನಿಂತುಹೋದರೆ ಹಿಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆಸಬೇಡಿ. ಎಂಜಿನ್ ನಿಂತಾಗ ಪಂಪು ತಿರುಗದೆ ಒಳಗೆ ಆಯಿಲ್ ಹರಿಯುವುದಿಲ್ಲ. ಗಾಡಿಯನ್ನು ಮೇಲೇರಿಸಿಕೊಂಡು ಒಯ್ಯುವ ಚಪ್ಪಟೆ ಲಾರಿ ತರಿಸಿ, ಸಿಗದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ.

1,000 ಕಿಲೋಮೀಟರ್ ಆದ ಮೇಲೆ ಅದೇ ಹೇರು ತುಂಬಿ, ಸಾಧ್ಯವಾದಷ್ಟು ಅದೇ ಹವೆಯ ದಿನ ನೋಡಿ, ಅದೇ ನಂದಿಬೆಟ್ಟದ ರಸ್ತೆ ಹತ್ತಿ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲಿನ ಗರಿಷ್ಠ ಅಂಕಿ 127, ಕೂಲರ್ ಹಾಕಿಸಿ ಆಯಿಲ್ ಬದಲಿಸಿದ ನಂತರದ್ದು 103. ಮೂರನೆಯ ಸಾಲನ್ನು ಮುಂದಿನ ಆಯಿಲ್ ಬದಲಾವಣೆಗೆ ಖಾಲಿ ಬಿಟ್ಟಿದ್ದೇನೆ. ಹೇರು ಎಳೆಯುವ ಗಾಡಿಗೆ ಅದು 40,000 ಕಿಲೋಮೀಟರಿಗೆ ಬರಬೇಕು.